ವೈದ್ಯಕೀಯ ಸಂಶೋಧನೆಯಲ್ಲಿ ಹೆಣ್ಣುಮಕ್ಕಳ ಪಾಲು: ನಮ್ಮ ಕಾಲೇಜುಗಳಲ್ಲಿ ಎಲ್ಲಿಂದ, ಹೇಗೆ ಶುರು ಮಾಡಬೇಕು?

ಕಲಬುರಗಿಯ ಜಿಮ್ಸ್, ಎಂ.ಆರ್. ಮೆಡಿಕಲ್ ಕಾಲೇಜು, ಇಎಸ್‌ಐಸಿ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ, ಬೀದರಿನ ಬ್ರಿಮ್ಸ್, ಯಾದಗಿರಿಯ ಹೊಸ ಯಿಮ್ಸ್. ಇವುಗಳಲ್ಲಿ ಯಾವ ಕಾಲೇಜಿನ ತರಗತಿಗೆ ಹೋಗಿ ನಿಂತರೂ ಹೆಣ್ಣುಮಕ್ಕಳಿಗೆ ಕೊರತೆ ಕಾಣುವುದಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಕಲಂ, ಇಲ್ಲಿನ ಕಾಲೇಜುಗಳ ಶೇ. 70ರಷ್ಟು ಸೀಟುಗಳನ್ನು ಕಲ್ಯಾಣ ಕರ್ನಾಟಕದ ಮಕ್ಕಳಿಗೇ ಮೀಸಲಿಟ್ಟ ಮೇಲೆ ಚಿಂಚೋಳಿ, ಸುರಪುರ, ಔರಾದದ ಕಡೆಯ ಹೆಣ್ಣುಮಕ್ಕಳೂ ಬಿಳಿ ಕೋಟು ಹಾಕಿದ್ದಾರೆ. ಮನೆತನದಲ್ಲೇ ಮೊದಲ ಡಾಕ್ಟರ್ ಆದವರು ಅವರಲ್ಲಿದ್ದಾರೆ.

ಅದೇ ಕಾಲೇಜಿನಲ್ಲಿ ಸಂಶೋಧನೆಯ ಹಣ ಯಾರ ಹೆಸರಿಗೆ ಬಂತು, ಪ್ರಬಂಧದಲ್ಲಿ ಹೆಚ್ಚು ಕೆಲಸ ಮಾಡಿದವರಿಗೆ ಸಲ್ಲುವ ಮೊದಲ ಹೆಸರು ಯಾರದು, ಹಿರಿಯ ಸಂಶೋಧಕರಿಗೆ ಸಲ್ಲುವ ಕೊನೆಯ ಹೆಸರು ಯಾರದು ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಜಗತ್ತಿನ ಲೆಕ್ಕ ಗೊತ್ತಿದೆ. ಆರೋಗ್ಯ ಕ್ಷೇತ್ರದ ದುಡಿಯುವವರಲ್ಲಿ ಸುಮಾರು ಶೇ. 70 ಮಂದಿ ಮಹಿಳೆಯರು, ಮುಂದಾಳುಗಳ ಸ್ಥಾನದಲ್ಲಿ ಶೇ. 25 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಮೆರಿಕದ ಪ್ರಮುಖ ವೈದ್ಯಕೀಯ ನಿಯತಕಾಲಿಕೆಗಳನ್ನು ಜಾಲಾಡಿದ ಅಧ್ಯಯನವೊಂದರ ಪ್ರಕಾರ, 1970ರಲ್ಲಿ ಶೇ. 5.9 ಇದ್ದ ಮಹಿಳಾ ಮೊದಲ ಲೇಖಕರ ಪಾಲು 2004ಕ್ಕೆ ಶೇ. 29.3ಕ್ಕೆ ಏರಿತ್ತು; ಹಿರಿಯ ಲೇಖಕರ ಕೊನೆಯ ಸ್ಥಾನದಲ್ಲಿ ಆಗಲೂ ಶೇ. 19.3. ನಮ್ಮ ಕಾಲೇಜುಗಳ ಲೆಕ್ಕವನ್ನು ನಾವೇ ತೆಗೆಯಬೇಕು.

ಸಮಾನತೆ ಎಂದಾಕ್ಷಣ ಮಾರ್ಚ್ 8ರ ಕಾರ್ಯಕ್ರಮ, ಒಂದು ಉಪನ್ಯಾಸ, ಒಂದು ಸನ್ಮಾನ ನೆನಪಾಗುತ್ತವೆ. ಮಾಡಲಿ, ತಪ್ಪೇನಿಲ್ಲ. ಆದರೆ ಒಬ್ಬ ಸಹಾಯಕ ಪ್ರಾಧ್ಯಾಪಕಿ ಹತ್ತು ವರ್ಷದಲ್ಲಿ ಸಂಶೋಧಕಿ ಆಗುತ್ತಾಳೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಡ್ಯೂಟಿ ರೋಸ್ಟರ್, ಲೇಖಕರ ಪಟ್ಟಿ, ಸಮಿತಿ ರಚನೆಯ ಆದೇಶ, ಸಭೆಯ ನೋಟಿಸು. ಈ ಕಾಗದಗಳನ್ನು ಬದಲಿಸುವುದು ಹೇಗೆ ಎಂಬುದೇ ಈ ಬರಹ. ಇದು ಬೋಧಕರಿಗೆ, ಪಿ.ಜಿ. ವಿದ್ಯಾರ್ಥಿಗಳಿಗೆ, ಪ್ರಾಜೆಕ್ಟ್ ಸಿಬ್ಬಂದಿಗೆ, ಮುಖ್ಯವಾಗಿ ವಿಭಾಗದ ಮುಖ್ಯಸ್ಥರಿಗೆ.

ಮೊದಲ ಹೆಜ್ಜೆ: ಎಣಿಸಿ

ವಾದಕ್ಕೆ ಮೊದಲು ಲೆಕ್ಕ ಬೇಕು. ಲೆಕ್ಕವಿಲ್ಲದೆ ಹೋದರೆ "ನಮ್ಮಲ್ಲಿ ಆ ಸಮಸ್ಯೆನೇ ಇಲ್ರೀ, ಲೇಡೀಸೇ ಜಾಸ್ತಿ ಅದಾರ" ಎಂಬ ಒಂದು ಮಾತಿಗೆ ಚರ್ಚೆ ಮುಗಿದುಹೋಗುತ್ತದೆ.

ಕಳೆದ ಐದು ವರ್ಷದ ದಾಖಲೆ ಸಾಕು, ಎಲ್ಲವೂ ಕಾಲೇಜಿನಲ್ಲೇ ಇರುತ್ತವೆ. ಸಂಶೋಧನೆಗೆ ನೈತಿಕ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ರಿಜಿಸ್ಟರಿನಲ್ಲಿ ಪ್ರತಿ ಪ್ರಸ್ತಾವದ ಮುಖ್ಯ ಸಂಶೋಧಕರ ಹೆಸರಿದೆ. ಪರೀಕ್ಷಾ ವಿಭಾಗದಲ್ಲಿ ಪಿ.ಜಿ. ಥೀಸಿಸ್‌ಗಳ ಗೈಡ್ ಯಾರೆಂಬ ಪಟ್ಟಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದಲೋ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನಿಂದಲೋ ಬಂದ ಅನುದಾನದ ಪತ್ರಗಳು ಲೆಕ್ಕಪತ್ರ ಶಾಖೆಯಲ್ಲಿವೆ. ಎಂಬಿಬಿಎಸ್ ವಿದ್ಯಾರ್ಥಿಗಳ ಐಸಿಎಂಆರ್ ಅಲ್ಪಾವಧಿ ಸಂಶೋಧನಾ ವೇತನಕ್ಕೆ ಯಾರು ಅರ್ಜಿ ಹಾಕಿದರು, ಯಾರು ಗೈಡ್ ಆದರು ಎಂಬುದೂ ಸಿಗುತ್ತದೆ. ಪ್ರಕಟಿತ ಪ್ರಬಂಧಗಳಲ್ಲಿ ಮೂರು ಜಾಗ ಗುರುತು ಹಾಕಿಕೊಳ್ಳಿ: ಮೊದಲ ಲೇಖಕರು, ಕೊನೆಯ ಲೇಖಕರು, ಪತ್ರವ್ಯವಹಾರದ ಲೇಖಕರು, ಅಂದರೆ ಕರೆಸ್ಪಾಂಡಿಂಗ್ ಆಥರ್. ಸಮ್ಮೇಳನಕ್ಕೆ ಹೋಗಲು ಯಾರಿಗೆ ಅನುಮತಿ ಸಿಕ್ಕಿತು ಎಂಬುದನ್ನೂ ಬಿಡಬೇಡಿ.

ಈ ಲೆಕ್ಕದಲ್ಲಿ ಎಡವುವ ಜಾಗಗಳಿವೆ. ಒಟ್ಟು ಮೊತ್ತವನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಅನಾಟಮಿ, ಫಿಸಿಯಾಲಜಿ, ಸ್ತ್ರೀರೋಗ ವಿಭಾಗಗಳಲ್ಲಿ ಮಹಿಳೆಯರು ಹೆಚ್ಚು, ಮೂಳೆ ವಿಭಾಗದಲ್ಲಿ ಕಡಿಮೆ. ಎಲ್ಲವನ್ನೂ ಕೂಡಿಸಿಬಿಟ್ಟರೆ ಎರಡೂ ಮುಚ್ಚಿಹೋಗುತ್ತವೆ. ಹುದ್ದೆಯ ಪ್ರಕಾರವೂ ಬೇರೆ ಮಾಡಬೇಕು, ಸಹಾಯಕ ಪ್ರಾಧ್ಯಾಪಕರನ್ನು ಸಹಾಯಕ ಪ್ರಾಧ್ಯಾಪಕರೊಂದಿಗೇ ಹೋಲಿಸಬೇಕು. ವಿಭಾಗದಲ್ಲಿ ಹತ್ತು ಜನರಲ್ಲಿ ನಾಲ್ವರು ಮಹಿಳೆಯರಿದ್ದು, ಹತ್ತು ಯೋಜನೆಗಳಲ್ಲಿ ನಾಲ್ಕು ಅವರ ಹೆಸರಿನಲ್ಲಿದ್ದರೆ ಅಲ್ಲಿ ತಕರಾರಿಲ್ಲ. ಒಂದೇ ಇದ್ದರೆ ಕೇಳಬೇಕಾದ ಪ್ರಶ್ನೆ ಇದೆ. ನಾಲ್ಕೈದು ಜನರಿರುವ ವಿಭಾಗಕ್ಕೆ ಶೇಕಡಾ ಲೆಕ್ಕ ಹಾಕಬೇಡಿ, ಅಂಕಿಯನ್ನೇ ಬರೆಯಿರಿ. ಒಬ್ಬರೇ ಮಹಿಳೆ ಇರುವ ವಿಭಾಗವನ್ನು ಪಟ್ಟಿಯಲ್ಲಿ ಬೇರೆಯಾಗಿ ತೋರಿಸಿದರೆ ಅವರ ಗುರುತು ಬಯಲಾಗುತ್ತದೆ, ಹತ್ತಿರದ ವಿಭಾಗದೊಂದಿಗೆ ಸೇರಿಸಿ ಕೊಡಿ.

ಗುತ್ತಿಗೆಯ ಮೇಲಿರುವವರನ್ನು ಎಣಿಸದಿದ್ದರೆ ಈ ಲೆಕ್ಕ ಅರ್ಧ ಸುಳ್ಳು. ಪ್ರಾಜೆಕ್ಟ್ ನರ್ಸ್, ಫೀಲ್ಡ್ ಇನ್ವೆಸ್ಟಿಗೇಟರ್, ಡೇಟಾ ಎಂಟ್ರಿ ಮಾಡುವವರು, ಲ್ಯಾಬ್ ಟೆಕ್ನಿಷಿಯನ್. ತಾಂಡಾ ತಾಂಡಾ ಸುತ್ತಿ ರಕ್ತದ ಮಾದರಿ ತರುವವರು ಇವರು. ಪ್ರಬಂಧದಲ್ಲಿ ಇವರ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರದ ಸಂದರ್ಭಗಳಿವೆ.

ಎಣಿಸುವ ಕೆಲಸವನ್ನು ಒಬ್ಬ ಮಹಿಳಾ ಬೋಧಕರ ತಲೆಗೆ ಕಟ್ಟಬೇಡಿ. ನಿರ್ದೇಶಕರ ಸಹಿಯಿರುವ ಪತ್ರದೊಂದಿಗೆ ಒಬ್ಬ ಮಹಿಳೆ, ಒಬ್ಬ ಪುರುಷ ಇಬ್ಬರಿಗೂ ವಹಿಸಿ. ಪತ್ರವಿಲ್ಲದೆ ಹೋದರೆ ಯಾವ ಶಾಖೆಯೂ ರಿಜಿಸ್ಟರ್ ತೆಗೆದು ಕೊಡುವುದಿಲ್ಲ.

ಎರಡನೇ ಹೆಜ್ಜೆ: ಹೆಸರಿನ ಒಪ್ಪಂದ ಕೆಲಸಕ್ಕೆ ಮೊದಲೇ

ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಖರ್ಚಿಲ್ಲ, ಸರ್ಕಾರದ ಆದೇಶ ಬೇಕಿಲ್ಲ, ನಾಳೆಯೇ ಶುರು ಮಾಡಬಹುದು. ಬಡ್ತಿಗೆ ಪ್ರಕಟಣೆಗಳು ಬೇಕು, ಅದರಲ್ಲಿ ಲೇಖಕರ ಸ್ಥಾನವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹೆಸರು ಐದನೆಯದೋ ಆರನೆಯದೋ ಆಗಿಬಿಟ್ಟರೆ ಹೋಗುವುದು ಬರೀ ಗೌರವವಲ್ಲ, ಸಂಬಳವೂ ಹುದ್ದೆಯೂ ಅದರ ಜೊತೆ ಹೋಗುತ್ತವೆ.

ನಮ್ಮಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತು. "ಮೇಡಂ, ನೀವು ಮೊದಲ ಕೆಲಸ ಮುಗಸ್ರಿ, ಹೆಸರಿನ ಮಾತು ಆಮ್ಯಾಲ ನೋಡೋಣು." ಕೆಲಸ ಮುಗಿಯುತ್ತದೆ. ಪ್ರಬಂಧ ಕಳಿಸುವ ದಿನ ಪಟ್ಟಿ ಬದಲಾಗಿರುತ್ತದೆ. ಆಗ ಕೇಳಿದವಳು ಜಗಳಗಂಟಿ.

ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ, ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಇಟ್ಟಿದೆ, ನಾಲ್ಕೂ ಪೂರ್ತಿಯಾಗಬೇಕು. ಅಧ್ಯಯನದ ಕಲ್ಪನೆ, ವಿನ್ಯಾಸ ಅಥವಾ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲಿ ಗಣನೀಯ ಪಾಲು ಇರಬೇಕು. ಕರಡು ಬರೆದಿರಬೇಕು ಇಲ್ಲವೇ ವಿಷಯ ಹಿಡಿದು ತಿದ್ದಿರಬೇಕು. ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಇಡೀ ಕೆಲಸದ ಹೊಣೆ ಹೊರಲು ಸಿದ್ಧರಿರಬೇಕು. ಹಣ ತಂದುಕೊಟ್ಟರು, ವಿಭಾಗದ ಮುಖ್ಯಸ್ಥರಾಗಿ ಮೇಲುಸ್ತುವಾರಿ ಮಾಡಿದರು ಎಂಬಷ್ಟಕ್ಕೇ ಯಾರೂ ಲೇಖಕರಾಗುವುದಿಲ್ಲ.

ಇದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ನಮ್ಮ ಕಡೆ ಯಾರೂ ಓದಿ ಹೇಳುವುದಿಲ್ಲ. ಮೊದಲ ಷರತ್ತು ಪೂರೈಸಿದ ಪ್ರತಿಯೊಬ್ಬರಿಗೂ ಕರಡು ಬರೆಯುವ, ತಿದ್ದುವ, ಒಪ್ಪುವ ಅವಕಾಶ ಕೊಡಲೇಬೇಕು. ಅಂದರೆ "ಅವರು ಡೇಟಾ ಕಲೆಕ್ಷನ್ ಅಷ್ಟೇ ಮಾಡಿದ್ದು, ಬರೆದಿಲ್ಲ" ಎಂದು ಹೆಸರು ತೆಗೆಯುವ ಮುನ್ನ ಬರೆಯಲು ಕರೆದಿದ್ದಿರಾ ಎಂದು ಕೇಳಬೇಕು. ಕರಡನ್ನು ತೋರಿಸದೆಯೇ ಒಬ್ಬರನ್ನು ಅನರ್ಹ ಮಾಡುವುದಕ್ಕೆ ಈ ಷರತ್ತುಗಳನ್ನು ಬಳಸುವಂತಿಲ್ಲ.

ಮಾಡಬೇಕಾದದ್ದು ಇಷ್ಟು. ಎಥಿಕ್ಸ್ ಕಮಿಟಿಗೆ ಪ್ರಸ್ತಾವ ಸಲ್ಲಿಸುವ ದಿನವೇ ಒಂದು ಪುಟದ ಒಪ್ಪಂದ ಬರೆಯಿರಿ. ಯಾರು ಏನು ಮಾಡುತ್ತಾರೆ, ಮೊದಲ ಹೆಸರು ಯಾರದು, ಪತ್ರವ್ಯವಹಾರ ಯಾರದು, ಒಬ್ಬರು ರಜೆಗೆ ಹೋದರೆ ಅವರ ಸ್ಥಾನ ಏನಾಗುತ್ತದೆ, ಇದೇ ಮಾಹಿತಿಯಿಂದ ಎರಡನೇ ಪ್ರಬಂಧ ಬಂದರೆ ಅದರ ಮೊದಲ ಹೆಸರು ಯಾರಿಗೆ, ಇವಿಷ್ಟು ಅದರಲ್ಲಿರಲಿ. ಜೇವರ್ಗಿ ತಾಲ್ಲೂಕಿನ ಗರ್ಭಿಣಿಯರ ರಕ್ತಹೀನತೆಯ ಅಧ್ಯಯನ ಎಂದುಕೊಳ್ಳಿ. ಪ್ರಶ್ನಾವಳಿ ಸಿದ್ಧ ಮಾಡಿ, ಹಳ್ಳಿ ಸುತ್ತಿ, ವಿಶ್ಲೇಷಣೆ ಮಾಡಿ ಕರಡು ಬರೆಯುವವರು ಸಹಾಯಕ ಪ್ರಾಧ್ಯಾಪಕಿ ಆದರೆ ಮೊದಲ ಹೆಸರು ಅವರದೇ. ಹಿಮೋಗ್ಲೋಬಿನ್ ಪರೀಕ್ಷೆಯ ಗುಣಮಟ್ಟ ನೋಡಿ, ಆ ಭಾಗವನ್ನು ಬರೆದುಕೊಟ್ಟ ಪೆಥಾಲಜಿಯವರು ಎರಡನೆಯವರು. ಕೆಲಸ ಬದಲಾದರೆ ಕ್ರಮವೂ ಬದಲಾಗಬಹುದು, ಆದರೆ ಬದಲಾವಣೆಯನ್ನು ಎಲ್ಲರಿಗೂ ಇಮೇಲ್ ಮಾಡಿ ಒಪ್ಪಿಗೆ ಪಡೆಯಬೇಕು. ಪಿ.ಜಿ. ಥೀಸಿಸ್‌ನಿಂದ ಬರುವ ಪ್ರಬಂಧಕ್ಕೆ ಆ ವಿದ್ಯಾರ್ಥಿಯೇ ಮೊದಲ ಲೇಖಕರಾಗುವುದು ನ್ಯಾಯ.

ಹಿರಿಯರ ಮುಂದೆ ಈ ಮಾತು ಎತ್ತುವುದು ಕಷ್ಟ, ನಿಜ. ಹೀಗೆ ಹೇಳಿ ನೋಡಿ: "ಸರ್, ಯಾರ ಹೆಸರು ಎಲ್ಲಿ ಬರ್ತದ ಅಂತ ಈಗೇ ಬರ್ಕೊಂಡ್ ಬಿಡೋಣ್ರಿ, ಆಮ್ಯಾಲ ಯಾರಿಗೂ ಬ್ಯಾಸರ ಆಗಬಾರದು. ಜರ್ನಲ್‌ನವರೂ ಯಾರ್ಯಾರು ಏನೇನು ಮಾಡ್ಯಾರ ಅಂತ ಕೇಳತಾರ." ಇದು ಖರೆ ಮಾತು. ಬಹಳಷ್ಟು ನಿಯತಕಾಲಿಕೆಗಳು ಈಗ ಪ್ರತಿ ಲೇಖಕರ ಪಾಲನ್ನು ಬರೆದುಕೊಡಿ ಎನ್ನುತ್ತವೆ. ಇನ್ನೂ ಒಳ್ಳೆಯ ದಾರಿ ಎಂದರೆ, ಈ ಒಂದು ಪುಟವಿಲ್ಲದೆ ಪ್ರಸ್ತಾವವನ್ನೇ ಸ್ವೀಕರಿಸುವುದಿಲ್ಲ ಎಂದು ಸಂಶೋಧನಾ ಘಟಕ ನಿಯಮ ಮಾಡುವುದು. ಆಗ ಕೇಳುವ ಭಾರ ಕಿರಿಯರ ಮೇಲೆ ಬೀಳುವುದಿಲ್ಲ, ಫಾರಂ ಕೇಳುತ್ತದೆ.

ತಕರಾರು ಬಂದರೆ ನಿಯತಕಾಲಿಕೆ ತೀರ್ಪು ಕೊಡುವುದಿಲ್ಲ, ನಿಮ್ಮ ಸಂಸ್ಥೆಯಲ್ಲೇ ಬಗೆಹರಿಸಿಕೊಳ್ಳಿ ಎಂದು ವಾಪಸ್ ಕಳಿಸುತ್ತದೆ. ಆಗ ಕೈಯಲ್ಲಿರಬೇಕಾದದ್ದು ಆ ಒಪ್ಪಂದ, ಇಮೇಲ್‌ಗಳು, ದಿನಾಂಕವಿರುವ ಕರಡುಗಳು. ವಾಟ್ಸಾಪ್‌ನಲ್ಲಿ ಆದ ಮಾತನ್ನು ಅಂದೇ ಸಂಜೆ ಇಮೇಲ್‌ಗೆ ಇಳಿಸಿ: "ಇವತ್ತು ಮಾತಾಡಿದಂತೆ ವಿಶ್ಲೇಷಣೆ ಮತ್ತು ಮೊದಲ ಕರಡು ನನ್ನದು, ಈ ತಿಂಗಳ ಕೊನೆಗೆ ಕಳಿಸುತ್ತೇನೆ." ಇಷ್ಟೇ ಸಾಕು.

ಮದುವೆಯ ನಂತರ ಹೆಸರು ಬದಲಾಗುವುದು, ತಂದೆಯ ಇನಿಷಿಯಲ್ ಹೋಗಿ ಗಂಡನ ಮನೆತನದ ಅಡ್ಡಹೆಸರು ಸೇರುವುದು ನಮ್ಮ ಕಡೆ ಮಾಮೂಲಿ. ಹಳೆಯ ಹೆಸರಿನ ಪ್ರಬಂಧಗಳು ಬೇರೆಯವರವು ಎಂಬಂತೆ ಉಳಿದುಬಿಡುತ್ತವೆ. ಆರ್ಕಿಡ್ (ORCID) ಎಂಬ 16 ಅಂಕಿಗಳ ಉಚಿತ ಗುರುತಿನ ಸಂಖ್ಯೆ ಮಾಡಿಕೊಂಡರೆ ಹಳೆಯ, ಹೊಸ ಎರಡೂ ಹೆಸರಿನ ಕೆಲಸ ಒಂದೇ ಕಡೆ ಕೂಡುತ್ತದೆ. ಇಂಟರ್ನ್‌ಶಿಪ್ ಮಾಡುತ್ತಿರುವ ಹೆಣ್ಣುಮಕ್ಕಳಿಗೆ ಇದನ್ನು ಈಗಲೇ ಮಾಡಿಸಿ.

ಮೂರನೇ ಹೆಜ್ಜೆ: ಸಮಯ ಎಲ್ಲಿ ಹೋಗುತ್ತದೆ ಎಂದು ನೋಡಿ

ಒಂದು ತಿಂಗಳ ಕಾರ್ಯಕ್ರಮಗಳ ಪಟ್ಟಿ ತೆಗೆಯಿರಿ. ಸ್ವಾಗತ ಯಾರು, ನಿರೂಪಣೆ ಯಾರು, ಪ್ರಾರ್ಥನೆಗೆ ಹುಡುಗಿಯರನ್ನು ತಯಾರು ಮಾಡಿದವರು ಯಾರು, ಹೂಗುಚ್ಛ ತರಿಸಿದವರು ಯಾರು, ವಂದನಾರ್ಪಣೆ ಯಾರು. ಜೊತೆಗೆ ಕಾಲೇಜಿನ ಮೌಲ್ಯಮಾಪನಕ್ಕೆ ಬೇಕಾದ ನ್ಯಾಕ್ ಫೈಲು, ಹಾಸ್ಟೆಲ್ ವಾರ್ಡನ್ ಹೊಣೆ, ವಿದ್ಯಾರ್ಥಿನಿಯರ ಅಳಲು ಕೇಳುವುದು. ಇವೆಲ್ಲ ಬೇಕಾದ ಕೆಲಸಗಳೇ. "ನೀವೇ ಛಂದ ಮಾಡತೀರಿ ಮೇಡಂ" ಎಂಬ ಹೊಗಳಿಕೆಯೊಂದಿಗೆ ಬರುತ್ತವೆ. ಬಡ್ತಿಯ ಫಾರಂನಲ್ಲಿ ಮಾತ್ರ ಇವುಗಳಿಗೆ ಪ್ರಬಂಧದ ತೂಕವಿಲ್ಲ. ಪರಿಹಾರ ಸರಳ: ವಿಭಾಗದ ಎಲ್ಲ ಬೋಧಕರ ಹೆಸರನ್ನು ಅಕ್ಷರಾನುಕ್ರಮದಲ್ಲಿ ಬರೆದು ಸರದಿ ಹಚ್ಚಿ. ಮುಖ್ಯಸ್ಥರ ಹೆಸರೂ ಸರದಿಯಲ್ಲಿರಲಿ. ಸರದಿ ಚೀಟಿ ನೋಟಿಸ್ ಬೋರ್ಡ್‌ನಲ್ಲಿರಲಿ.

ಸಂಶೋಧನಾ ಸಭೆಗಳನ್ನು ಒಪಿಡಿ ಮುಗಿದ ಮೇಲೆ, ಸಂಜೆ ಐದಕ್ಕೆ ಕರೆಯುವ ರೂಢಿಯಿದೆ. ಮಗುವನ್ನು ಶಾಲೆಯಿಂದ ಕರೆತರಬೇಕಾದವರು, ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುವವರು ಎದ್ದು ಹೋಗುತ್ತಾರೆ, ಉಳಿದವರ ನಡುವೆ ಯೋಜನೆ ಹಂಚಿಕೆಯಾಗುತ್ತದೆ. ಸಭೆ ಮಧ್ಯಾಹ್ನ ಮೂರರೊಳಗೆ ಶುರುವಾಗಲಿ, ನೋಟಿಸು ವಾರದ ಮುಂಚೆ ಬರಲಿ. ಚಹಾದ ಅಂಗಡಿಯಲ್ಲಿ ಆದ ತೀರ್ಮಾನಕ್ಕೆ ಬೆಲೆಯಿಲ್ಲ, ಸಭೆಯ ನಡಾವಳಿಯಲ್ಲಿ ಬರೆದದ್ದಕ್ಕೆ ಮಾತ್ರ ಬೆಲೆ ಎಂದು ಒಪ್ಪಿಕೊಳ್ಳಿ.

ವಾರಕ್ಕೆ ಅರ್ಧ ದಿನ ಸಂಶೋಧನೆಗೆ ಎಂದು ರೋಸ್ಟರ್‌ನಲ್ಲೇ ಬರೆಯುವುದು ಸಾಧ್ಯವಿದ್ದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬರೆಯುವುದನ್ನು ರಾತ್ರಿಗೆ ದೂಡಿದಾಗ, ಮನೆಯಲ್ಲಿ ರೊಟ್ಟಿ ಬಡಿಯುವ ಹೊಣೆ ಯಾರದಿದೆಯೋ ಅವರ ಪ್ರಬಂಧ ಹಿಂದೆ ಬೀಳುತ್ತದೆ.

ಹಳ್ಳಿಯ ಕೆಲಸಕ್ಕೆ ಹೋಗುವಾಗ

ಇದಕ್ಕೆ ಬೇರೆ ಜಾಗ ಬೇಕು, ಏಕೆಂದರೆ ನಮ್ಮ ಮೂರು ಜಿಲ್ಲೆಗಳ ಸಂಶೋಧನೆ ಬಹುಪಾಲು ಹಳ್ಳಿಯಲ್ಲಿದೆ: ಅಪೌಷ್ಟಿಕತೆ, ರಕ್ತಹೀನತೆ, ಹಾವು ಕಡಿತ, ಹೆರಿಗೆಯ ತೊಡಕು. "ದೂರ ಅದ, ಹೆಣ್ಣುಮಕ್ಕಳು ಬ್ಯಾಡ" ಎಂದು ಕಾಳಜಿಯಿಂದಲೇ ಹೇಳುತ್ತಾರೆ. ಆ ಕಾಳಜಿ ಒಬ್ಬಾಕೆಯ ಹೆಸರನ್ನು ತಂಡದಿಂದ ಅಳಿಸುತ್ತದೆ. ಗುರುಮಠಕಲ್ಲಿನ ಒಬ್ಬ ಬಾಣಂತಿ ತನ್ನ ಕಷ್ಟವನ್ನು ಗಂಡಸರ ತಂಡದ ಮುಂದೆ ಬಿಚ್ಚಿ ಹೇಳುವುದಿಲ್ಲ, ಆದ್ದರಿಂದ ಅಧ್ಯಯನದ ಮಾಹಿತಿಯೂ ಪೊಳ್ಳಾಗುತ್ತದೆ.

ಹೋಗದಂತೆ ತಡೆಯುವ ಬದಲು ಹೋಗಲು ಬೇಕಾದದ್ದನ್ನು ಬಜೆಟ್‌ನಲ್ಲಿ ಬರೆಯಿರಿ. ವಾಹನದ ಬಾಡಿಗೆಗೆ ಒಂದು ಸಾಲು. 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣ ಉಚಿತ ಎಂದು ಈ ಸಾಲನ್ನು ಹೊಡೆದುಹಾಕುವವರಿದ್ದಾರೆ. ಬಸ್ಸು ತಾಲ್ಲೂಕಿನ ತನಕ, ಇಲ್ಲವೇ ಊರ ಕ್ರಾಸ್ ತನಕ. ಅಲ್ಲಿಂದ ತಾಂಡಾಕ್ಕೆ ಪೆಟ್ಟಿಗೆ ಹೊತ್ತು ನಡೆಯುವ ದಾರಿಗೂ ವ್ಯವಸ್ಥೆ ಬೇಕು. ಇಬ್ಬರಿಗಿಂತ ಕಡಿಮೆ ಹೋಗುವಂತಿಲ್ಲ, ಗಂಡಸರಿಗೂ ಇದೇ ನಿಯಮ. ಹೋಗುವ ಊರಿನ ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿರಬೇಕು, ಅವರ ಅರ್ಧ ದಿನದ ಕೂಲಿಯೂ ಬಜೆಟ್‌ನಲ್ಲಿರಬೇಕು. ಶೌಚಾಲಯ ಎಲ್ಲಿ ಸಿಗುತ್ತದೆ, ಉಪಕೇಂದ್ರವೋ ಶಾಲೆಯೋ ಎಂದು ಮೊದಲೇ ವಿಚಾರಿಸಿ. ನೀರು ಕುಡಿಯದೆ ದಿನವಿಡೀ ಬಿಸಿಲಲ್ಲಿ ಅಡ್ಡಾಡಿ ಮೂತ್ರದ ಸೋಂಕು ತಂದುಕೊಂಡ ಹುಡುಗಿಯರನ್ನು ನಾನು ಕಂಡಿದ್ದೇನೆ. ಸಮೀಕ್ಷೆಯನ್ನು ನವೆಂಬರ್‌ನಿಂದ ಫೆಬ್ರವರಿಯ ನಡುವೆ ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.

ನಾಲ್ಕನೇ ಹೆಜ್ಜೆ: ಹೆರಿಗೆ ರಜೆ ಬಂದಾಗ ಸಂಶೋಧನೆ ನಿಲ್ಲದಂತೆ

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆ 26 ವಾರಗಳಾಯಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದೂ ಅದೇ ತಿದ್ದುಪಡಿ ಹೇಳಿತು. ನೂರಾರು ಮಂದಿ ದುಡಿಯುವ ಆಸ್ಪತ್ರೆಯಲ್ಲಿ ಆ ಕೋಣೆ ಎಲ್ಲಿದೆ ಎಂದು ಕೇಳುವ ಹಕ್ಕು ಪ್ರತಿ ನರ್ಸಿಗೂ, ಪ್ರತಿ ಬೋಧಕಿಗೂ ಇದೆ.

ಗುತ್ತಿಗೆ ನೌಕರರಿಗೆ ಇದು ಅನ್ವಯಿಸುವುದಿಲ್ಲ ಎಂದು ಕಚೇರಿಯವರು ಹೇಳಿದರೆ ನಂಬಬೇಡಿ. ದೆಹಲಿಯ ಆಸ್ಪತ್ರೆಯೊಂದರ ಗುತ್ತಿಗೆ ಸೀನಿಯರ್ ರೆಸಿಡೆಂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ: ಅರ್ಹತೆ ಬಂದ ಮೇಲೆ, ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಿಗಬೇಕು. ಪಿಎಚ್‌ಡಿ ಮಾಡುವವರಿಗೆ ಯುಜಿಸಿಯ 2022ರ ನಿಯಮದಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯಿದೆ, ಥೀಸಿಸ್ ಮುಗಿಸಲು ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಸಮಯವೂ ಇದೆ.

ಕಾನೂನು ಹೇಳದ ಭಾಗವನ್ನು ನಾವು ತುಂಬಬೇಕು. ರಜೆಗೆ ಹೋಗುವ ಮುನ್ನ ಸಹ ಸಂಶೋಧಕರಿಗೆ ದಿನನಿತ್ಯದ ಹೊಣೆಯನ್ನು ಲಿಖಿತವಾಗಿ ಒಪ್ಪಿಸಿ, ಮುಖ್ಯ ಸಂಶೋಧಕಿ ಎಂಬ ಸ್ಥಾನ ತಮ್ಮದೇ ಎಂದು ಅದರಲ್ಲೇ ಬರೆಯಿರಿ. ಎಥಿಕ್ಸ್ ಕಮಿಟಿಗೆ, ಹಣ ಕೊಟ್ಟ ಸಂಸ್ಥೆಗೆ ಅವಧಿ ವಿಸ್ತರಣೆ ಕೋರಿ ರಜೆಗೆ ಮೊದಲೇ ಪತ್ರ ಹಾಕಿ. "ಆರಾಮ ತಗೊಳ್ರಿ, ಪ್ರಾಜೆಕ್ಟ್ ಅವರಿಗೆ ಕೊಟ್ಟು ಬಿಡ್ರಿ" ಎಂದು ಅಕ್ಕರೆಯಿಂದ ಹೇಳುವವರಿಗೆ ಅಷ್ಟೇ ಅಕ್ಕರೆಯಿಂದ ಆ ಪತ್ರದ ಪ್ರತಿ ತೋರಿಸಿ. ವಾಪಸ್ ಬಂದ ಮೊದಲ ಮೂರು ತಿಂಗಳು ರಾತ್ರಿ ಡ್ಯೂಟಿ ಕಡಿಮೆ ಮಾಡಲು ವಿಭಾಗ ಒಪ್ಪಿದರೆ, ನಿಂತ ಕೆಲಸ ಮತ್ತೆ ಹಳಿಗೆ ಬರುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ, ಅದನ್ನು ತೆಗೆದುಕೊಳ್ಳುವ ಯುವ ವೈದ್ಯರನ್ನು ನಗೆಪಾಟಲು ಮಾಡಬೇಡಿ.

ಐದನೇ ಹೆಜ್ಜೆ: ಹಣ ಹಂಚುವ, ಆಯ್ಕೆ ಮಾಡುವ ಕ್ರಮ ಬದಲಿಸಿ

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿ ಅವರಿಗೆ ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ಈಗ ಬಾಯಿಬಿಟ್ಟು ಯಾರೂ ನಿರಾಕರಿಸುವುದಿಲ್ಲ. ತೂಗುವ ತಕ್ಕಡಿಯಲ್ಲೇ ವ್ಯತ್ಯಾಸ ಉಳಿದಿದೆ.

ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಆಯ್ಕೆಯನ್ನು ಪರಿಶೀಲಿಸಿದ ಇಬ್ಬರು ವಿಜ್ಞಾನಿಗಳು, ಪುರುಷರಷ್ಟೇ ಅಂಕ ಪಡೆಯಲು ಮಹಿಳೆಯರು ಸುಮಾರು 2.5 ಪಟ್ಟು ಹೆಚ್ಚು ಸಾಧಿಸಿರಬೇಕಿತ್ತು ಎಂದು 1997ರಲ್ಲಿ ತೋರಿಸಿದರು. 2019ರಲ್ಲಿ ಬಂದ ಕೆನಡಾದ ಅಧ್ಯಯನ ಇನ್ನೂ ಉಪಯೋಗಕ್ಕೆ ಬರುವ ಮಾತು ಹೇಳುತ್ತದೆ. ಅಲ್ಲಿನ ಆರೋಗ್ಯ ಸಂಶೋಧನಾ ಅನುದಾನದಲ್ಲಿ, ತಜ್ಞರು ಯೋಜನೆಯ ವಿಜ್ಞಾನವನ್ನು ಮುಖ್ಯವಾಗಿ ತೂಗಿದಾಗ ಗಂಡು ಹೆಣ್ಣಿನ ಗೆಲುವಿನ ಪ್ರಮಾಣದ ಅಂತರ ಶೇಕಡಾ 0.9 ಅಂಶ ಮಾತ್ರ. ಸಂಶೋಧಕರ ಯೋಗ್ಯತೆಯನ್ನು ಮುಖ್ಯವಾಗಿ ತೂಗಿದಾಗ ಅಂತರ 4 ಅಂಶಗಳಿಗೆ ಹೋಯಿತು.

ಇದರಿಂದ ಕಾಲೇಜಿನ ಸಂಶೋಧನಾ ಘಟಕಕ್ಕೆ ಒಂದು ನೇರವಾದ ಕೆಲಸ ಸಿಗುತ್ತದೆ. ಕಾಲೇಜು ಕೊಡುವ ಸಣ್ಣ ಅನುದಾನದ ಅರ್ಜಿಯಲ್ಲಿ ಯೋಜನೆ ಬೇರೆ, ಸ್ವವಿವರ ಬೇರೆ ಲಕೋಟೆಯಲ್ಲಿರಲಿ. ಯೋಜನೆಗೆ ಅಂಕ ಕೊಟ್ಟು ಸಹಿ ಹಾಕಿದ ಮೇಲೆ ಮಾತ್ರ ಹೆಸರಿನ ಲಕೋಟೆ ತೆರೆಯಿರಿ. ಒಟ್ಟು ಪ್ರಬಂಧಗಳ ಸಂಖ್ಯೆಯ ಬದಲು ಅರ್ಜಿದಾರರು ಆರಿಸಿಕೊಟ್ಟ ಮೂರು ಕೆಲಸ ನೋಡಿ. ಸಂದರ್ಶನದಲ್ಲಿ "ಮದುವೆ ಆಗ್ಯಾದೇನು? ಮನೆಯವರು ಎಲ್ಲಿ ಕೆಲಸ ಮಾಡತಾರ?" ಎಂಬ ಪ್ರಶ್ನೆಗೆ ಜಾಗವಿಲ್ಲ, ಎಲ್ಲರಿಗೂ ಒಂದೇ ಪ್ರಶ್ನೆಪಟ್ಟಿ.

ಶಿಫಾರಸು ಪತ್ರ ಬರೆಯುವ ಹಿರಿಯರಲ್ಲಿ ಒಂದು ವಿನಂತಿ. "ವಿನಯವಂತೆ, ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು" ಎಂದು ಹುಡುಗಿಗೂ, "ಸ್ವತಂತ್ರವಾಗಿ ಯೋಚಿಸುವ ಪ್ರತಿಭಾವಂತ" ಎಂದು ಹುಡುಗನಿಗೂ ಬರೆಯುತ್ತೇವೆ. ಆಕೆ ಯಾವ ಪ್ರಶ್ನೆ ಹುಡುಕಿದಳು, ಯಾವ ವಿಧಾನ ಕಲಿತಳು, ಏನು ಕಂಡುಹಿಡಿದಳು, ಅದನ್ನು ಬರೆಯಿರಿ.

ಹೊರಗಿನ ಹಣವೂ ಇದೆ. ಕೆಲಸದಲ್ಲಿ ಬಿಡುವು ಬಿದ್ದ ಮಹಿಳಾ ವಿಜ್ಞಾನಿಗಳಿಗೂ ದಾರಿ ತೆರೆಯುವ ವೈಸ್-ಕಿರಣ್ ಯೋಜನೆಗಳು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿವೆ, ಜೈವಿಕ ತಂತ್ರಜ್ಞಾನ ಇಲಾಖೆಯಲ್ಲಿ ಮಹಿಳಾ ವಿಜ್ಞಾನಿಗಳಿಗಾಗಿ ಬಯೋಕೇರ್ ಯೋಜನೆ ಇದೆ. ಅರ್ಜಿ ಕರೆಯುವ ದಿನಾಂಕ ಪ್ರತಿ ಸಲ ಬೇರೆ, ಆದ್ದರಿಂದ ಆ ಜಾಲತಾಣಗಳನ್ನು ನೋಡಿ ನೋಟಿಸ್ ಬೋರ್ಡಿಗೆ ಹಚ್ಚುವ ಹೊಣೆಯನ್ನು ಗ್ರಂಥಪಾಲಕರಿಗೆ ಕೊಡಿ. ಇಡೀ ಸಂಸ್ಥೆಯೇ ಲಿಂಗ ಸಮಾನತೆಯಲ್ಲಿ ತಾನು ಎಲ್ಲಿದ್ದೇನೆ ಎಂದು ಪರೀಕ್ಷಿಸಿಕೊಳ್ಳುವ 'ಗತಿ' (GATI) ಎಂಬ ಕಾರ್ಯಕ್ರಮ 2020ರಲ್ಲಿ ಶುರುವಾಗಿ, ಪ್ರಾಯೋಗಿಕ ಹಂತದಲ್ಲಿ 30 ಸಂಸ್ಥೆಗಳನ್ನು ಆರಿಸಿಕೊಂಡಿತ್ತು. ಅದರಲ್ಲಿ ಕೇಳುವಂಥ ಪ್ರಶ್ನೆಗಳನ್ನು ನಾವು ಆಹ್ವಾನಕ್ಕೆ ಕಾಯದೆ ನಮಗೇ ಕೇಳಿಕೊಳ್ಳಬಹುದು.

ಆರನೇ ಹೆಜ್ಜೆ: ಸಮಿತಿಗಳಲ್ಲಿ ಕುರ್ಚಿ

ಔಷಧ ಪ್ರಯೋಗಗಳಿಗೆ ಅನ್ವಯಿಸುವ 2019ರ ಕೇಂದ್ರ ನಿಯಮದ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಮಹಿಳೆಯೊಬ್ಬರು ಇರಲೇಬೇಕು. ಒಬ್ಬರು ಎಂಬುದು ಕನಿಷ್ಠ. ಅದನ್ನೇ ಗರಿಷ್ಠ ಎಂದು ಓದಿಕೊಂಡವರು ಬಹಳ. ಎಥಿಕ್ಸ್ ಕಮಿಟಿ, ವೈಜ್ಞಾನಿಕ ಪರಿಶೀಲನಾ ಸಮಿತಿ, ಉಪಕರಣ ಖರೀದಿ ಸಮಿತಿ ಮೂರರಲ್ಲೂ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗದಂತೆ ಆದೇಶ ಮಾಡಿಸಿ. ಖರೀದಿ ಸಮಿತಿ ಏಕೆಂದರೆ, ಯಾವ ಯಂತ್ರ ಯಾವ ವಿಭಾಗಕ್ಕೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಇರುವ ಒಬ್ಬಿಬ್ಬರು ಮಹಿಳಾ ಪ್ರಾಧ್ಯಾಪಕರನ್ನೇ ಎಲ್ಲ ಸಮಿತಿಗೂ ಹಾಕಿದರೆ ಅವರ ಸಂಶೋಧನೆ ನಿಲ್ಲುತ್ತದೆ. ಸಹ ಪ್ರಾಧ್ಯಾಪಕಿಯರಿಗೂ ಅವಕಾಶ ಕೊಟ್ಟು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಏಳನೇ ಹೆಜ್ಜೆ: ಕಿರುಕುಳದ ದೂರಿಗೆ ದಾರಿ ತೆರೆದಿಡಿ

ಸಂಶೋಧನೆಯಲ್ಲಿ ಗೈಡ್‌ನ ಕೈಯಲ್ಲಿ ಬಹಳ ಅಧಿಕಾರವಿದೆ. ಥೀಸಿಸ್‌ಗೆ ಸಹಿ, ಹಾಜರಾತಿ, ಪರೀಕ್ಷೆ, ಶಿಫಾರಸು ಎಲ್ಲವೂ ಒಬ್ಬರದೇ. ಅಲ್ಲಿ ತಪ್ಪು ನಡೆದರೆ ಹುಡುಗಿ ದೂರುವುದಕ್ಕಿಂತ ವಿಷಯವನ್ನೇ ಬಿಟ್ಟುಬಿಡುತ್ತಾಳೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಪಿ.ಜಿ. ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ ಈ ಭಯ ಪ್ರತಿ ಮನೆಯೊಳಗೂ ಬಂದಿದೆ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಒಬ್ಬರು ಹೊರಗಿನವರು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿಯೇ ಇಲ್ಲದಿದ್ದರೆ ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಪ್ರಾಜೆಕ್ಟ್ ಸಿಬ್ಬಂದಿಗೂ ಇದು ಅನ್ವಯಿಸುತ್ತದೆ, ವಿದ್ಯಾರ್ಥಿನಿಯರಿಗೆ ಯುಜಿಸಿಯ 2015ರ ನಿಯಮಗಳ ರಕ್ಷಣೆಯೂ ಇದೆ.

ಪ್ರತಿ ಪಿ.ಜಿ. ವಿದ್ಯಾರ್ಥಿನಿಗೂ ಗೊತ್ತಿರಬೇಕಾದ ಒಂದು ಅಂಶವಿದೆ. ವಿಚಾರಣೆ ನಡೆಯುವಾಗಲೇ ಆಕೆ ಲಿಖಿತವಾಗಿ ಕೇಳಿದರೆ, ಆರೋಪಿತ ವ್ಯಕ್ತಿ ಆಕೆಯ ಶೈಕ್ಷಣಿಕ ಕೆಲಸದ ಮೇಲ್ವಿಚಾರಣೆ ಮಾಡದಂತೆ, ಆಕೆಯ ಕೆಲಸದ ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಅಂದರೆ ಗೈಡ್ ಬದಲಾವಣೆ ಸಾಧ್ಯ. ಆ ವ್ಯವಸ್ಥೆ ಮೊದಲೇ ತಯಾರಿರಲಿ: ಪ್ರತಿ ಥೀಸಿಸ್‌ಗೂ ಸಹ ಗೈಡ್ ಇರಲಿ. ಸದಸ್ಯರ ಹೆಸರು, ಫೋನ್ ನಂಬರ್ ಕನ್ನಡದಲ್ಲೂ ಬರೆದು ಲ್ಯಾಬ್, ಹಾಸ್ಟೆಲ್, ಗ್ರಂಥಾಲಯದಲ್ಲಿ ಹಚ್ಚಿ.

ಎಂಟನೇ ಹೆಜ್ಜೆ: ಒಂದು ಪುಟ ಹಿಡಿದು ನಿರ್ದೇಶಕರ ಕೋಣೆಗೆ

ಎಣಿಸಿದ ಲೆಕ್ಕವನ್ನು ಒಂದು ಪುಟಕ್ಕೆ ಇಳಿಸಿ. ಮೇಲೆ ಅಂಕಿ, ಕೆಳಗೆ ಮೂರು ಬೇಡಿಕೆ, ಹೆಚ್ಚು ಬೇಡ. ನನ್ನ ಆಯ್ಕೆ ಹೇಳುವುದಾದರೆ: ಎಥಿಕ್ಸ್ ಕಮಿಟಿಯ ಅರ್ಜಿಯೊಂದಿಗೆ ಲೇಖಕರ ಒಪ್ಪಂದ ಕಡ್ಡಾಯ, ಸಂಶೋಧನಾ ಸಭೆ ಮಧ್ಯಾಹ್ನ ಮೂರರೊಳಗೆ, ಹೆರಿಗೆ ರಜೆಯಲ್ಲಿ ಮುಖ್ಯ ಸಂಶೋಧಕಿಯ ಸ್ಥಾನಕ್ಕೆ ರಕ್ಷಣೆ. ಮೂರಕ್ಕೂ ಕಾಲೇಜಿನ ಮಟ್ಟದ ಒಂದು ಸುತ್ತೋಲೆ ಸಾಕು, ಬೆಂಗಳೂರಿನ ಅನುಮತಿಗೆ ಕಾಯಬೇಕಿಲ್ಲ. ಶಿಶುಪಾಲನಾ ಕೇಂದ್ರದಂಥ ಹಣದ ಬೇಡಿಕೆಗೆ ಬೇರೆ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಒಬ್ಬರೇ ಹೋಗಬೇಡಿ. ಬೇರೆ ಬೇರೆ ವಿಭಾಗದ ನಾಲ್ಕೈದು ಜನ, ಅವರಲ್ಲಿ ಪುರುಷರೂ ಇರಲಿ. ಭೇಟಿಯಾದ ದಿನವೇ, ಏನು ಮಾತಾಯಿತು, ಯಾರು ಯಾವ ದಿನಾಂಕದೊಳಗೆ ಏನು ಮಾಡುತ್ತಾರೆ ಎಂದು ಬರೆದು ಎಲ್ಲರಿಗೂ ಕಳಿಸಿ. ಎಣಿಕೆಯ ಫೈಲು ಯಾರ ವಶದಲ್ಲಿರುತ್ತದೆ ಎಂದು ಸುತ್ತೋಲೆಯಲ್ಲೇ ಹೆಸರಿಸಿ, ಏಕೆಂದರೆ ವರ್ಗಾವಣೆಯಾದವರ ಜೊತೆ ಫೈಲುಗಳೂ ಕಣ್ಮರೆಯಾಗುತ್ತವೆ. ಪ್ರತಿ ಏಪ್ರಿಲ್‌ನಲ್ಲಿ ಅದೇ ರಿಜಿಸ್ಟರುಗಳಿಂದ, ಅದೇ ಕ್ರಮದಲ್ಲಿ ಮತ್ತೆ ಎಣಿಸಿ, ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆದು ಕಾಲೇಜು ಕೌನ್ಸಿಲ್ ಸಭೆಯ ಮುಂದಿಡಿ.